ಅರ್ಥದ ಕಾಲಂ

ಅಕ್ಷರದ ಬಿಲ್ಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟ ಸ್ಕ್ರ್ಯಾಬಲ್. ರಾಜ್ಯದ ಸ್ಕ್ರ್ಯಾಬಲ್ ತಂಡದ ಆರು ಜಾಗಗಳಲ್ಲಿ ಐದು ಭರ್ತಿಯಾಗಿದ್ದವು. ಆರನೆಯದಕ್ಕೆ ಎಜೈತಾ ಹನ್ನೊಂದು ವರ್ಷದಿಂದ ಕಾದಿದ್ದಳು. ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಪದಕ ತಂದವರಿಗೆ ಸರ್ಕಾರಿ ನೌಕರಿ ಖಾಯಂ. ವಾರಿ ಪಟ್ಟಣದ ಪ್ರಾಥಮಿಕ ಶಾಲೆಯೊಂದರಲ್ಲಿ ಅವಳು ಹಂಗಾಮಿ ಟೀಚರು. ಪ್ರತಿ ಟರ್ಮಿನ ಕೊನೆಗೆ ಹೆಡ್‌ಮಿಸ್ಟ್ರೆಸ್ ಮುಂದೆ ಕೈಕಟ್ಟಿ ನಿಂತು, ಮುಂದಿನ ಟರ್ಮಿಗೂ ಬರಲೇ ಎಂದು ಕೇಳಬೇಕು. ನಲವತ್ತೊಂದರ ವಯಸ್ಸಿನಲ್ಲಿ ಹಾಗೆ ಕೇಳುವಾಗ ಮೈಯೆಲ್ಲ ಉರಿಯುತ್ತದೆ.

ಈ ಸಲ ಜಾಗ ತನ್ನದೇ ಎಂದು ಅವಳು ನಂಬಿದ್ದಳು. ಕೂಟಕ್ಕೆ ಒಂಬತ್ತು ದಿನ ಇರುವಾಗ ಕೋಚ್ ಒಮಾತ್ಸೊಲಾ ಪೋರ್ಟ್ ಹಾರ್ಕೋರ್ಟಿನಿಂದ ಡಗೋಗೊ ಎಂಬ ಆಟಗಾರನನ್ನು ಕರೆತಂದ. ಪದಕದ ಆಸೆಗೆ ಪರರಾಜ್ಯದವನಿಗೆ ನಮ್ಮ ಜರ್ಸಿ ತೊಡಿಸಿ ನಮ್ಮವನೇ ಎಂದು ಬರೆಸುವುದು ಇಲ್ಲಿ ಯಾರೂ ನಾಚಿಕೊಳ್ಳುವ ಕೆಲಸವಲ್ಲ. ಎಲ್ಲ ರಾಜ್ಯಗಳೂ ಮಾಡುತ್ತವೆ, ನಮ್ಮವರಂತೂ ಎಲ್ಲರಿಗಿಂತ ಮೊದಲು ಮಾಡುತ್ತಾರೆ.

"ಒಂದೇ ಒಂದು ಆಟ ಎಜೈತಾ. ಗೆದ್ದೋರಿಗೆ ಜಾಗ. ಇದಕ್ಕಿಂತ ನ್ಯಾಯ ಇನ್ನೇನ್ ಬೇಕು ನಿಂಗೆ?" ಎಂದ ಕೋಚ್.

"ನಾನು ಕೂತಿರೋ ಕುರ್ಚಿಗೆ ನಾನೇ ಯಾಕೆ ಆಡ್ಬೇಕು, ಓಗಾ?" ಮೇಲಿನವರನ್ನು ಇಲ್ಲಿ ಓಗಾ, ಯಜಮಾನ, ಎಂದೇ ಕರೆಯುವುದು.

"ಕೂತಿದ್ದೆ ಅಂತ ಯಾರಮ್ಮ ಹೇಳಿದ್ದು? ಪಕ್ಕದಲ್ಲಿ ನಿಂತಿದ್ದೆ, ಅಷ್ಟೆ."

ಊರಿನ ಹೋಟೆಲೊಂದರ ಹಿಂದಿನ ಕ್ಯಾಂಟೀನಿನಲ್ಲಿ ಮೆಣಸಿನ ಸಾರಿನ ಘಾಟಿನ ನಡುವೆ ನಡೆಯುವ ಅವರ ಸ್ಕ್ರ್ಯಾಬಲ್ ಕ್ಲಬ್ಬಿಗೆ ಬೆನ್ನೆಲುಬು ಕೋಚ್ ಅಲ್ಲ, ಎಜೈತಾಳ ಹದಿಮೂರು ದಪ್ಪ ನೋಟ್‌ಬುಕ್ಕುಗಳು. ಕಂಪ್ಯೂಟರ್ ಇನ್ನೂ ಅಲ್ಲಿಯ ಹೊಸ್ತಿಲು ತುಳಿಯದ ಕಾಲ. ಒಂದೇ ಅಕ್ಷರಗಳನ್ನು ಹಂಚಿಕೊಂಡ ಉದ್ದುದ್ದ ಇಂಗ್ಲಿಷ್ ಪದಗಳನ್ನು ಅವಳು ಗುಂಪುಗುಂಪಾಗಿ ಬರೆದಿದ್ದಳು. ಎಡಕ್ಕೆ ಪದ, ಬಲಕ್ಕೆ ಅರ್ಥ. ಕ್ಯೂ ಮತ್ತು ಝಡ್ ಎರಡೂ ಇರುವ ಪದಗಳಿಗೇ ನಾಲ್ಕು ಪುಟ. ಕೆಟ್ಸಾಲ್: ಎದೆ ಕೆಂಪಗೆ, ಬಾಲ ಹಸಿರಗೆ ಇರುವ ಹಕ್ಕಿ. ಬಿಜೀಕ್: ಇಬ್ಬರು ಆಡುವ ಇಸ್ಪೀಟಾಟ. ಕಸೀಕ್: ದ್ವೀಪಗಳ ಜನರ ಒಡೆಯ. ಶಾಲೆಯ ಹರಕು ನಿಘಂಟುಗಳನ್ನು ಎರವಲು ತಂದು, ಬೆರಳು ಮರಗಟ್ಟುವಷ್ಟು ಬರೆದಿದ್ದಳು. ಹಕ್ಕಿಯ ಬಾಲದ ಬಣ್ಣ ಗೊತ್ತಾದ ದಿನ ಅವಳಿಗೆ ಎಷ್ಟು ಖುಷಿಯಾಗಿತ್ತೆಂದರೆ, ಊಟಕ್ಕೆ ಮರಗೆಣಸಿನ ಹಿಟ್ಟಿನ ಉಂಡೆ ಕಲಸುತ್ತಿದ್ದ ತಂಗಿಯನ್ನೂ ಕರೆದು ಹೇಳಿದ್ದಳು.

ಕ್ಲಬ್ಬಿನವರಿಗೆ ಪದ ಸಾಕಿತ್ತು. "ಅರ್ಥ ಗೊತ್ತಿದ್ರೆ ಒಂದು ಪಾಯಿಂಟ್ ಜಾಸ್ತಿ ಕೊಡ್ತಾರಾ?" ಎಂದು ಅವಳನ್ನು ಆಡಿಕೊಳ್ಳುತ್ತಿದ್ದರು. ಅವರ ಮಾತು ಸುಳ್ಳಲ್ಲ. ಪದ ಆಟದ ನಿಘಂಟಿನಲ್ಲಿದೆಯೋ ಇಲ್ಲವೋ, ಆಟಕ್ಕೆ ಬೇಕಾದದ್ದು ಅಷ್ಟೇ. ಜೆರಾಕ್ಸ್ ಅಂಗಡಿಯ ಗಾಡ್ಸ್‌ಪವರ್ ಅವಳ ಪುಟದ ಬಲಗಡೆಗೆ ಒಂದು ರಟ್ಟಿನ ಪಟ್ಟಿ ಅಡ್ಡ ಇಟ್ಟು ಬರೀ ಪದಗಳ ಪ್ರತಿ ತೆಗೆಯುತ್ತಿದ್ದ. "ಜಾಗ ಉಳಿಯುತ್ತೆ ಆಂಟಿ, ಒಂದು ಹಾಳೇಲಿ ಎರಡು ಪುಟ ಕೂರುತ್ತೆ," ಎಂದು ಅವಳಿಗೇ ವಿವರಿಸಿದ್ದ. ಆ ರಟ್ಟಿನ ಪಟ್ಟಿ ಸವೆದು ಮೆತ್ತಗಾಗಿತ್ತು. ಅಂಥ ಪ್ರತಿಗಳು ಬೆನಿನ್ ಊರಿಗೆ ಹೋದವು, ಲಾಗೋಸಿಗೆ ಹೋದವು. ಯಾವುದರ ಮೇಲೂ ಅವಳ ಹೆಸರಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಅವಳು ಕ್ಯೂ-ಝಡ್ ಪುಟಗಳನ್ನು ಹೊಸದಾಗಿ ಬರೆದಾಗ ಒಂದು ಸಾಲು ಹೆಚ್ಚಿಗೆ ಸೇರಿಸಿದಳು. ಕ್ವಾಝನೆಟ್. ಅದರೆದುರು ಅರ್ಥದ ಕಾಲಂನಲ್ಲಿ ಹೀಗೆ ಬರೆದಳು: 'ಈ ಪದ ಎಲ್ಲೂ ಇಲ್ಲ, ನಾನೇ ಕಟ್ಟಿದ್ದು. ಆಡಬೇಡಿ. ಇದನ್ನು ಓದಿದವರು ಬಂದು ನನ್ನನ್ನು ಒಂದು ಮಾತು ಮಾತಾಡಿಸಿ. ಎಜೈತಾ.' ಮೊದಲ ವಾರ ಕ್ಲಬ್ಬಿನ ಬಾಗಿಲಲ್ಲಿ ಯಾರಾದರೂ ನಕ್ಕರೆ ಸಾಕು, ಓದಿರಬೇಕು ಎಂದು ಎದೆ ಹಾರುತ್ತಿತ್ತು. ಆಮೇಲೆ ತಿಂಗಳುಗಳಾದವು, ವರ್ಷಗಳಾದವು. ಯಾರೂ ಬರಲಿಲ್ಲ. ತಾನಾಗಿಯೇ ಹೇಳುವುದಕ್ಕೆ ಅವಳ ಹಟ ಬಿಡಲಿಲ್ಲ.

ಆಟ ಶನಿವಾರ ಮಧ್ಯಾಹ್ನ. ತಂಡದ ಐವರೂ ಮೇಜಿನ ಸುತ್ತ ನಿಂತಿದ್ದರು. ಡಗೋಗೊ ಒಳ್ಳೆಯ ಆಟಗಾರ, ಒಳ್ಳೆಯ ನಡತೆಯವನೂ ಹೌದು. ಕೂರುವ ಮೊದಲು "ಕ್ಷಮಿಸಿ ಆಂಟಿ, ನನ್ನನ್ನ ಕರೆದ್ರು, ಬಂದೆ," ಎಂದ. ಮುಕ್ಕಾಲು ಆಟ ಮುಗಿಯುವಾಗ ಅವನು ಮೂವತ್ತು ಪಾಯಿಂಟ್ ಮುಂದಿದ್ದ. ಅವನು ಒಂದು ನಿಮಿಷ ಯೋಚಿಸಿ, ಹಲಗೆಯ ಮೇಲಿದ್ದ ಒಂದಕ್ಷರಕ್ಕೆ ತನ್ನ ಏಳೂ ಬಿಲ್ಲೆಗಳನ್ನು ಒಂದೊಂದಾಗಿ ಜೋಡಿಸಿದ.

ಕ್ವಾಝನೆಟ್.

ಸುತ್ತ ನಿಂತವರು ಹೋ ಎಂದರು. ಎಜೈತಾ ಅವನ ಮುಖ ನೋಡಿ ನಕ್ಕುಬಿಟ್ಟಳು. ಓದಿದ್ದಾನೆ, ಅದಕ್ಕೇ ಹೀಗೆ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು. ನಾಲ್ಕು ವರ್ಷ ಕಾದವಳಿಗೆ ಅಷ್ಟು ಆಸೆಯಾಗುವುದು ಸಹಜ. ಅವನು ಮಾತ್ರ ಆಟದ ಗಡಿಯಾರ ಒತ್ತಿ, ತಲೆ ತಗ್ಗಿಸಿ ಪಾಯಿಂಟ್ ಬರೆದುಕೊಳ್ಳುತ್ತಿದ್ದ. ಅವಳ ನಗು ಅಲ್ಲೇ ಸತ್ತಿತು.

"ಚಾಲೆಂಜ್," ಎಂದಳು.

ಆಟದ ನಿಘಂಟು ತೆಗೆದರು. ಪದ ಇರಲಿಲ್ಲ. ಬಿಲ್ಲೆಗಳು ವಾಪಸಾದವು, ಅವನ ಸರದಿ ಹೋಯಿತು. ಎಜೈತಾ ಹನ್ನೆರಡು ಪಾಯಿಂಟಿನಿಂದ ಗೆದ್ದಳು.

ಡಗೋಗೊ ಜೇಬಿನಿಂದ ಮಡಚಿದ ಹಾಳೆ ತೆಗೆದ. "ಪಟ್ಟೀಲಿ ಇದೆಯಲ್ಲ! ಮೂರು ವರ್ಷದಿಂದ ಬಾಯಿಪಾಠ ಮಾಡಿದೀನಿ."

"ನಮ್ಮ ಪಟ್ಟೀಲೂ ಇದೆ," ಎಂದ ತಂಡದವನೊಬ್ಬ. ಐವರ ಮುಖವೂ ಸಪ್ಪಗಾಯಿತು.

ಕೋಚ್ ಅವಳ ಕಡೆ ತಿರುಗಿದ. "ಕಣ್ಣು ಮಿಟುಕಿಸದೆ ಚಾಲೆಂಜ್ ಅಂದೆ. ನಿಂಗೆ ಹೇಗೆ ಗೊತ್ತಿತ್ತು?"

"ಆ ಪಟ್ಟಿ ನಂದು. ಆ ಪದಾನೂ ನಂದೇ."

"ಅಂದ್ರೆ, ನಮ್ಮ ಹುಡುಗರು ಬಾಯಿಪಾಠ ಮಾಡೋ ಪಟ್ಟೀಲಿ ನೀನು ಬೇಕಂತಲೇ ಸುಳ್ಳು ಪದ ತುರುಕಿದೀಯ. ಕೂಟದಲ್ಲಿ ಇವರಲ್ಲೊಬ್ಬ ಆಡಿದ್ರೆ? ರಾಜ್ಯದ ಬೆನ್ನಿಗೇ ಚೂರಿ ಹಾಕ್ತೀಯೇನೇ?"

ಎಜೈತಾ ಚೀಲದಿಂದ ಒಂಬತ್ತನೇ ನೋಟ್‌ಬುಕ್ ತೆಗೆದು, ಪುಟ ಬಿಚ್ಚಿ ಮೇಜಿನ ಮೇಲಿಟ್ಟಳು. "ಓದು ಓಗಾ. ಬಲಗಡೆ ಓದು."

ಒಮಾತ್ಸೊಲಾ ಜೋರಾಗಿಯೇ ಓದಿದ. 'ಒಂದು ಮಾತು ಮಾತಾಡಿಸಿ' ಎಂಬಲ್ಲಿ ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವಳಿಗೆ ಬಟ್ಟೆ ಕಳಚಿ ನಿಲ್ಲಿಸಿದಷ್ಟು ಅವಮಾನವಾಯಿತು.

"ಅರ್ಥ ಯಾರೇ ಓದ್ತಾರೆ?" ಎಂದು ಕೋಚ್ ಪುಸ್ತಕ ಮುಚ್ಚಿದ. "ಮನೆಗೆ ಹೋಗು. ಜಾಗ ಡಗೋಗೊದು. ಹೋಗೋಕೆ ಮುಂಚೆ ಒಂದು ಹೇಳು, ಇಂಥವು ಇನ್ನೆಷ್ಟಿವೆ?"

ಇದ್ದದ್ದು ಅದೊಂದೇ. ಹದಿಮೂರು ಪುಸ್ತಕಗಳ ಸಾವಿರಾರು ಪದಗಳಲ್ಲಿ ಅದೊಂದೇ ಒಂದು. ಎಜೈತಾ ಐವರ ಮುಖವನ್ನೂ, ಡಗೋಗೊನ ಮುಖವನ್ನೂ ನೋಡಿದಳು. ಆಮೇಲೆ ನೋಟ್‌ಬುಕ್ಕನ್ನು ಚೀಲಕ್ಕೆ ಸೇರಿಸಿ, ಚೀಲದ ಬಾಯಿಗೆ ಗಂಟು ಹಾಕಿದಳು.

"ಎಣಿಸಿಲ್ಲ ಓಗಾ. ಪ್ರತಿಯೊಂದರ ಮುಂದೂ ಅರ್ಥದಲ್ಲಿ ಬರ್ದಿದೀನಿ. ನಿಮ್ಮ ಹತ್ರ ಪ್ರತಿ ಇದೆಯಲ್ಲ, ನೋಡ್ಕೊಳ್ಳಿ."

ಐವರೂ ಜೇಬಿಗೆ ಕೈ ಹಾಕಿ ಹಾಳೆಗಳನ್ನು ಬಿಚ್ಚಿದರು. ಸಾಲುಸಾಲು ಪದಗಳು, ಪಕ್ಕದಲ್ಲಿ ಮತ್ತೆ ಪದಗಳು.

"ಆ ಚೀಲ ಇಟ್ಟು ಹೋಗು ಎಜೈತಾ!" ಎಂದು ಕೋಚ್ ಕೂಗಿದ. ಅವಳು ಆಗಲೇ ರಸ್ತೆಯಲ್ಲಿ ಬೈಕ್ ಟ್ಯಾಕ್ಸಿಗೆ ಕೈ ಅಡ್ಡ ಹಿಡಿದಿದ್ದಳು. ಡಗೋಗೊ ಹಿಂದೆಯೇ ಓಡಿಬಂದ. ಏನೋ ಕೇಳುವವನಂತೆ ಕಂಡ. ಹಕ್ಕಿಯದೋ, ದ್ವೀಪದ ಒಡೆಯನದೋ ಅರ್ಥ ಕೇಳಿದ್ದರೂ ಸಾಕಿತ್ತು, ಹದಿಮೂರು ನೋಟ್‌ಬುಕ್ಕುಗಳನ್ನೂ ಅವನ ಕೈಗೆ ಹಾಕುತ್ತಿದ್ದಳು.

"ಆಂಟಿ, ಕೆಟ್ಸಾಲ್ ಆಡ್ಬಹುದಾ, ಬೇಡ್ವಾ? ಅಷ್ಟು ಹೇಳಿ ಸಾಕು," ಎಂದ.

"ಬೇಡ," ಎಂದು ಎಜೈತಾ ಬೈಕ್ ಹತ್ತಿದಳು.