ಓದುವ ಕೋಣೆಯ ಕೆಂಪು ಮುಖ

ನನಗೆ ರೋಸೇಶಿಯಾ ಇದೆ. ಕೆನ್ನೆ, ಮೂಗು ಸದಾ ಕೆಂಪು. ನಾನು ಕೆಲಸ ಮಾಡುವ ಗ್ರಂಥಾಲಯಕ್ಕೆ ಬಂದವರೆಲ್ಲ "ಮೇಡಂ ಸಿಟ್ಟಲ್ಲಿದ್ದಾರೆ" ಎಂದು ತೆಪ್ಪಗೆ ಕೂರುತ್ತಿದ್ದರು. ಸಿಟ್ಟಲ್ಲ, ಚರ್ಮದ ಕಾಯಿಲೆ ಎಂದು ಹೇಳಿ ಹೇಳಿ ಸಾಕಾಗಿತ್ತು. "ಚೆನ್ನಾಗಿ ತಿಕ್ಕು, ಹೋಗುತ್ತೆ" ಎಂದು ಅಕ್ಕ ಬೇರೆ ತಲೆ ತಿನ್ನುತ್ತಿದ್ದಳು. ತಿಕ್ಕಿದಷ್ಟೂ ಉರಿ.

ಕೊನೆಗೆ ಡಾಕ್ಟರ್ ಹೇಳಿದಂತೆ ತಿಕ್ಕುವುದನ್ನು ಬಿಟ್ಟೆ. ಮೃದುವಾದ ಕ್ಲೆನ್ಸರಿನಲ್ಲಿ ಮುಖ ತೊಳೆದು, ಪರಿಮಳವಿಲ್ಲದ ಕ್ರೀಮು, ಸನ್‌ಸ್ಕ್ರೀನು ಹಚ್ಚತೊಡಗಿದೆ. ಕೆಲವು ತಿಂಗಳಲ್ಲಿ ಮುಖ ತಿಳಿಯಾಯಿತು.

ಓದುವ ಕೋಣೆ ಮಾತ್ರ ಸಂತೆಯಾಯಿತು. ಈಗ ನಿಜವಾಗಿಯೇ ಸಿಟ್ಟು ಬಂದು ಗದರಿದರೂ ಯಾರೂ ಕ್ಯಾರೇ ಎನ್ನುವುದಿಲ್ಲ. ನಿನ್ನೆ ಮುಖ್ಯ ಗ್ರಂಥಪಾಲಕರು ಗದ್ದಲ ಕೇಳಿ ಬಂದು, ನನ್ನ ಮುಖವನ್ನೇ ದಿಟ್ಟಿಸಿದರು.

"ಮೇಡಂ, ಆ ಕ್ರೀಮು... ದಿನಾ ಹಚ್ಚಲೇಬೇಕಾ?"