ಮುಟ್ಟದ ತಟ್ಟೆ

ವಿಮಾನಗಳಿಗೆ ಊಟದ ತಟ್ಟೆ ಜೋಡಿಸಿ ಕಳಿಸುವ ಅಡುಗೆಮನೆಯಲ್ಲಿ ನನ್ನ ಕೆಲಸ. ಒಂಬತ್ತು ಗಂಟೆ ಹಾರಿದರೆ ಸಿಗುವ ಊರಿನಲ್ಲಿ ನನ್ನ ತಂಗಿಗೂ ಇದೇ ಕೆಲಸ. ಅವಳು ಜೋಡಿಸಿದ ತಟ್ಟೆಗಳು ಇಲ್ಲಿಗೆ ಎಂಜಲಾಗಿ ಬಂದಿಳಿಯುತ್ತವೆ, ನನ್ನವು ಅಲ್ಲಿ. ಇಷ್ಟು ವರ್ಷದಿಂದ ತಟ್ಟೆಗಳಷ್ಟೇ ಓಡಾಡುತ್ತಿವೆ, ಅಕ್ಕತಂಗಿಯರಲ್ಲ.

ನಿನ್ನೆ ಅವಳ ಊರಿಂದ ಬಂದ ರಾಶಿಯಲ್ಲಿ, ಯಾರೋ ಪುಣ್ಯಾತ್ಮ ಮುಟ್ಟದೆ ನಿದ್ದೆಹೋದ ಒಂದು ತಟ್ಟೆಯಿತ್ತು. ಚಮಚಕ್ಕೆ ಸುತ್ತಿದ್ದ ನ್ಯಾಪ್ಕಿನ್ನಿನ ತುದಿ ಎಡಕ್ಕೆ ಸಿಕ್ಕಿಸಿತ್ತು. ನಾವೆಲ್ಲ ಸಿಕ್ಕಿಸುವುದು ಬಲಕ್ಕೆ. ತಂಗಿ ಎಡಗೈಯವಳು. "ನೆಟ್ಟಗೆ ಮಡಿಸೇ" ಎಂದು ಅಮ್ಮನಿಂದ ಅದೆಷ್ಟು ಬೈಸಿಕೊಂಡಿದ್ದಳೋ!

"ಏನಮ್ಮಾ, ಅದನ್ನೇನು ಪೂಜೆ ಮಾಡ್ತೀಯಾ? ಬಿಚ್ಚಿ ಒಗೆಯೋಕೆ ಹಾಕು," ಎಂದ ಮೇಲ್ವಿಚಾರಕ.

"ಬಿಚ್ತೀನಿ ಕಣಪ್ಪಾ, ವಿಮಾನವೇನೂ ಓಡಿಹೋಗಲ್ಲ!" ಎಂದು ಸಿಡುಕಿದೆ.

ಅವನು ಅತ್ತ ತಿರುಗಿದ ಮೇಲೆ ಮೆಲ್ಲಗೆ ಬಿಚ್ಚಿದೆ. ಆಮೇಲೆ ಅವಳ ಊರಿಗೆ ಹೊರಟಿದ್ದ ತಟ್ಟೆಗಳಲ್ಲಿ ಒಂದನ್ನು ಎಳೆದುಕೊಂಡು, ಬಾರದ ಎಡಗೈಯಲ್ಲೇ ಒದ್ದಾಡಿ, ನ್ಯಾಪ್ಕಿನ್ನಿನ ತುದಿಯನ್ನು ಎಡಕ್ಕೆ ಸಿಕ್ಕಿಸಿಟ್ಟೆ.

ದೇವರೇ, ಆ ತಟ್ಟೆ ಸಿಕ್ಕವರಿಗೆ ಒಂಬತ್ತು ಗಂಟೆ ಹಸಿವೇ ಆಗದಿರಲಿ.