ಸದ್ದು ಮಾಡದ ಹಲಗೆ

ಅಂಟಿನ ಡಬ್ಬಿ ಇಷ್ಟು ಬೇಗ ತಳ ಕಾಣಬಾರದಿತ್ತು. ಯಾರಿಗೂ ಹೇಳುವಂಥ ವಿಷಯವೇನಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆದರೂ ಡಬ್ಬಿಯನ್ನು ಕೆಳಗಿಡದೆ, ಅಪ್ಪ ಮಾಡಿ ಮುಗಿಸಿದ್ದ ಬೀರುವಿನ ಮುಂದೆಯೇ ನಿಂತಿದ್ದಳು. ಅದರ ಎಡ ಕದದ ನಡುಹಲಗೆ ಉದ್ದಕ್ಕೂ ಸೀಳಿತ್ತು. ಬೆಳಿಗ್ಗೆ ಅದು ಟಪ್ಪೆಂದಾಗ ಇಬ್ಬರೂ ಬೆಚ್ಚಿಬಿದ್ದಿದ್ದರು.

"ಹಸಿ ಮರ ಕೊಟ್ಟು ಕೈ ತೊಳ್ಕೊಂಡಿದಾನೆ, ಬರ್ಲಿ ಆ ಮಿಲ್ಲಿನವನು," ಎನ್ನುತ್ತ ಅಪ್ಪ ಫೋನ್ ಹಿಡಿದು ಅಂಗಳಕ್ಕೆ ಹೋಗಿದ್ದರು.

ಕದದ ಹಲಗೆ ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಸಡಿಲವಾಗಿ ಕೂತಿರಬೇಕು. ತೇವಕ್ಕೆ ಹಿಗ್ಗಲು, ಬಿಸಿಲಿಗೆ ಕುಗ್ಗಲು ಅದಕ್ಕೆ ಜಾಗ ಬೇಕು; ಅಂಟು ಹಾಕಿ ಬಿಗಿದರೆ ಸೀಳುತ್ತದೆ. ಬಡಿದರೆ ಸಣ್ಣಗೆ ಕಟಕಟ ಅನ್ನಬೇಕು. ಇದನ್ನೆಲ್ಲ ಕಲಿಸಿದ್ದು ಅಪ್ಪನೇ. ಶಾಲೆಯಿಂದ ಬಂದವಳ ಕೈಲಿ ಹೊಸ ಕದ ಬಡಿಸಿ, "ಮಾತಾಡ್ತಾ? ಹಾಗಾದ್ರೆ ಉಸಿರಾಡುತ್ತೆ ಬಿಡು," ಎನ್ನುತ್ತಿದ್ದರು.

ಅವಳು ಬಲ ಕದ ಬಡಿದಳು. ಗೋಡೆ ಬಡಿದಂತಾಯಿತು. ಕೆಳಗಿನದೂ ಹಾಗೆಯೇ, ಅದರ ಪಕ್ಕದ್ದೂ ಹಾಗೆಯೇ. ತೋಡಿನ ಅಂಚಿಗೆ ಉಗುರು ಹಾಕಿ ಕೆರೆದಾಗ ಗಟ್ಟಿಯಾದ ಅಂಟು ಚಕ್ಕೆಯಾಗಿ ಎದ್ದು ಬಂತು. ಒಂದು ಕದವಾಗಿದ್ದರೆ ಕೈತಪ್ಪು ಅನ್ನಬಹುದಿತ್ತು. ಎಲ್ಲ ಕದಗಳಿಗೂ?

ಮೊನ್ನೆ ಅಪ್ಪ ಉಳಿಯನ್ನು ಕೈಯಲ್ಲೇ ಹಿಡಿದುಕೊಂಡು ಉಳಿ ಹುಡುಕಿದಾಗ ಅವಳು ನಕ್ಕಿದ್ದಳು. ಅಮ್ಮನೂ ನಕ್ಕಿದ್ದರು. ಈಗ ಅವಳ ಕಣ್ಣು ಮೂಲೆಯ ಗರಗಸದ ಯಂತ್ರದತ್ತ ಹೋಯಿತು. ಆ ತಿರುಗುವ ಹಲ್ಲುಗಳ ಪಕ್ಕದಲ್ಲೇ ಅಪ್ಪನ ಬೆರಳುಗಳು ದಿನವೂ ಓಡಾಡುತ್ತವೆ.

"ಏನಣ್ಣಾ, ನನ್ನ ಮರಕ್ಕೆ ಜ್ವರ ಬಂತಂತೆ?" ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಮಿಲ್ ಮಾಮ ಕೇಳಿದರು. ಮರ ಸೀಳುವ ಮಿಲ್ಲಿನವರು. ಅವಳು ಹುಟ್ಟುವ ಮೊದಲಿನಿಂದ ಅಪ್ಪನಿಗೆ ಮರ ಕೊಡುತ್ತಿದ್ದವರು.

"ನಗ್ಬೇಡ. ಒಣಗಿಸ್ದೆ ಕೊಟ್ಟಿದೀಯ."

"ನಾನಾ? ಮದುವೆ ಹುಡುಗಿ ನೋಡೋ ಹಾಗೆ ಒಂದೊಂದೇ ಹಲಗೆ ನೋಡಿ ಆರಿಸ್ಕೊಂಡವನು ನೀನು."

"ಗಿರಾಕಿ ಮುಂದೆ ತಲೆ ತಗ್ಗಿಸೋನೂ ನಾನೇ. ಇನ್ಮೇಲೆ ನಿನ್ನ ಮಿಲ್ಲಿನ ಕಡೆ ತಲೆ ಹಾಕೂ ಮಲಗಲ್ಲ."

ಮಾಮ ನಗುತ್ತಲೇ ಬೀರುವಿನ ಬಳಿ ಬಂದು, ಅಭ್ಯಾಸಬಲದಿಂದ ಬೆರಳ ಗೆಣ್ಣಿನಲ್ಲಿ ಕದ ತಟ್ಟಿದರು. ಇನ್ನೊಮ್ಮೆ ತಟ್ಟಿದರು. ನಗು ನಿಂತಿತು. ಅವರು ಅಪ್ಪನ ಮುಖವನ್ನು ತುಸು ಹೊತ್ತು ನೋಡಿದರು, ಅವಳ ಮುಖ ನೋಡಲಿಲ್ಲ.

"ಇರ್ಬೋದಣ್ಣ," ಎಂದರು ಮೆಲ್ಲಗೆ. "ಒಂದೆರಡು ಹಸಿ ಹಲಗೆ ಸೇರ್ಕೊಂಡಿರ್ಬೋದು. ತಪ್ಪು ನಂದೇ."

"ಕೇಳಿಸ್ಕೊಂಡ್ಯಾ ಮಗಳೇ?" ಅಪ್ಪ ಗೆದ್ದವರಂತೆ ತಿರುಗಿದರು. "ನನ್ನ ಕೈ ಯಾವತ್ತಾದ್ರೂ ತಪ್ಪಿದ್ದುಂಟಾ?"

ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತಿತ್ತು. ಮಾಮ ಬೇರೆ ಮರ ಕಳಿಸುತ್ತಿದ್ದರು, ಅಪ್ಪನ ಕೋಪ ಇಳಿಯುತ್ತಿತ್ತು, ಅಮ್ಮ ಇವತ್ತೂ ನಿಶ್ಚಿಂತೆಯಿಂದ ಊಟ ಬಡಿಸುತ್ತಿದ್ದರು.

"ಸರಿ, ಹಳೇ ಹಲಗೆ ಒಂದಿದೆ. ಈಗ್ಲೇ ಸೀಳ್ತೀನಿ," ಎಂದು ಅಪ್ಪ ಅಂಗಿಯ ತೋಳು ಮಡಚಿಕೊಳ್ಳುತ್ತ ಗರಗಸದ ಸ್ವಿಚ್ಚಿಗೆ ಕೈ ಚಾಚಿದರು.

ಅವಳು ಆ ಕೈಯನ್ನು ಹಿಡಿದುಕೊಂಡಳು.

"ಮರ ಒಣಗೇ ಇತ್ತು, ಅಪ್ಪ. ತೋಡಿಗೆ ಅಂಟು ಹಾಕಿದ್ದು ನೀವು."